ಸಿದ್ದಿಯರ ಹಾಡೂ ಹಂಚಿನ ಮಸಿಯೂ

ಈ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ಹಳೆಯ ದಿನಗಳ ನೆನಪುಗಳನ್ನೇ ಬರೆಯೋಣವೆಂದು ಮೊದಲು ಯೋಚಿಸಿದೆವು. ಅಂಗಳದ ಬೇವಿನ ಮರ, ಮಧ್ಯಾಹ್ನದ ಬುತ್ತಿ, ಸಂಜೆಯ ಹಾರ್ಮೋನಿಯಮ್ಮಿನ ದನಿ, ಇವುಗಳನ್ನು ಕುರಿತು ನಮಗಿಂತ ಚೆನ್ನಾಗಿ ಬರೆಯಬಲ್ಲ ಸೋದರಿಯರು ಅನೇಕರುಂಟು. ಅವರು ಬರೆದೂ ಇರುತ್ತಾರೆ. ಆದಕಾರಣ ಆ ಸವಿಯನ್ನು ಅವರಿಗೇ ಬಿಟ್ಟು, ಒಂದು ವರುಷದಿಂದ ನಮ್ಮ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದಿರುವ ಒಂದು ಸಂಗತಿಯನ್ನು ವಾಚಕರ ಮುಂದೆ ಇಡಲು ಇಚ್ಛಿಸುತ್ತೇವೆ. ಅದು ಸಂಗೀತಕ್ಕೆ ಸಂಬಂಧಿಸಿದುದು. ಆದರೆ ಸಂಗೀತಕ್ಕೆ ಮಾತ್ರವೇ ಸಂಬಂಧಿಸಿದುದಲ್ಲ.

ನಮ್ಮ ಸೀಮೆಯ ಒಂದು ಶಾಲೆ. ಯಾವುದೆಂದು ಹೇಳುವ ಅವಶ್ಯಕತೆಯಿಲ್ಲ. ಅಲ್ಲಿ ವಾರ್ಷಿಕೋತ್ಸವದ ತಾಲೀಮು ನಡೆದಿತ್ತು. ಎಂಟನೆಯ ತರಗತಿಯ ಹನ್ನೆರಡು ಮಂದಿ ಬಾಲಕಿಯರು ಒಂದು ಸಿನೆಮಾ ಹಾಡಿಗೆ ಕುಣಿಯುವವರಿದ್ದರು. ಆ ಹಾಡು ೨೦೨೧ರಲ್ಲಿ ತೆರೆಕಂಡ ‘ಸಲಗ’ ಎಂಬ ಕನ್ನಡ ಚಿತ್ರದ್ದು. ಹಾಡಿದವರು ಉತ್ತರ ಕನ್ನಡ ಜಿಲ್ಲೆಯ ಸಿದ್ದಿ ಜನಾಂಗದ ಕಲಾವಿದರು. ಕುಣಿತ ಕಲಿಸುತ್ತಿದ್ದವರು, ಹುಡುಗಿಯರು ಆಫ್ರಿಕಾ ದೇಶದವರಂತೆ ಕಾಣಬೇಕೆಂದು, ರೊಟ್ಟಿಯ ಹಂಚಿನ ಮಸಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಅವರ ಮುಖಕ್ಕೂ ಕೈಗಳಿಗೂ ಹಚ್ಚಿಸಿದರು. ಸೊಂಟಕ್ಕೆ ಗೋಣಿಯ ನಾರನ್ನು ಕಟ್ಟಿಸಿದರು. ದೇವದುರ್ಗದ ಕಡೆಯ ಒಬ್ಬ ಹುಡುಗಿಯ ಸರದಿ ಬಂದಾಗ, “ಈಕಿಗಿ ಬ್ಯಾಡ ಬಿಡ್ರಿ, ದೇವರೇ ಹಚ್ಚಿ ಕಳಿಸ್ಯಾನ” ಎಂದು ಯಾರೋ ಅಂದರು. ಎಲ್ಲರೂ ನಕ್ಕರು. ಆ ಹುಡುಗಿಯೂ ನಕ್ಕಳು. ತೀರ್ಪುಗಾರರಾಗಿ ಹೋಗಿ ಕುಳಿತಿದ್ದ ನಾವೂ, ಸತ್ಯವನ್ನು ಮರೆಮಾಚುವುದೇತಕ್ಕೆ, ನಕ್ಕೆವು.

ಉತ್ಸವದ ದಿವಸ ನಿರೂಪಕಿಯು “ಈಗ ಆಫ್ರಿಕಾದ ಕಾಡುಜನರ ನೃತ್ಯ” ಎಂದು ಸಾರಿದಳು. ಚಪ್ಪಾಳೆಗಳು ಬಿದ್ದವು, ಬಹುಮಾನವೂ ಬಂದಿತು. ಆ ಬಹುಮಾನಕ್ಕೆ ಅಂಕಗಳನ್ನು ಹಾಕಿದವರಲ್ಲಿ ನಾವೂ ಒಬ್ಬರು. ಎರಡು ದಿವಸಗಳ ಮೇಲೆ ಆ ಬಾಲಕಿಯ ತಾಯಿ ನಮ್ಮ ಮನೆಯ ಬಾಗಿಲಿಗೆ ಬಂದು ನಿಂತಳು. ಒಳಗೆ ಬಾರೆಂದರೆ ಬರಲಿಲ್ಲ. “ಅಕ್ಕೋರೇ, ನನ್ನ ಮಗಳು ಕನ್ನಡಿ ಮುಂದ ನಿಂದ್ರದು ಬಿಟ್ಟಾಳ್ರಿ. ಕೂದಲಾ ಕತ್ತರಿಸು ಅಂತಾಳ. ನೀವೂ ಅಲ್ಲೇ ಇದ್ರಂತಲ್ಲ?” ಎಂದಳು. ಆಕೆಯ ಮಾತಿನಲ್ಲಿ ದೂರು ಇರಲಿಲ್ಲ. ದೂರಿದ್ದರೆ ಉತ್ತರ ಹೇಳುವುದು ಸುಲಭವಾಗುತ್ತಿತ್ತು.

ಈ ಪ್ರಸಂಗದ ತರುವಾಯವೇ ನಾವು ಆ ಹಾಡು ಯಾರದು, ಅದು ಎಲ್ಲಿಂದ ಬಂದಿತು ಎಂಬುದನ್ನು ವಿಚಾರಿಸತೊಡಗಿದುದು. ವಿಚಾರಿಸಿದಷ್ಟೂ ನಮ್ಮ ನಗು ನಮಗೇ ಅಸಹ್ಯವಾಗುತ್ತ ಬಂದಿತು.

ಸಿದ್ದಿಯರು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ತಾಲೂಕುಗಳ ಅಡವಿಯ ಅಂಚಿನಲ್ಲಿಯೂ, ಧಾರವಾಡ ಬೆಳಗಾವಿ ಜಿಲ್ಲೆಗಳ ಕೆಲವು ಗ್ರಾಮಗಳಲ್ಲಿಯೂ ವಾಸಿಸತಕ್ಕವರು. ಅವರ ಪೂರ್ವಜರು ತಾವಾಗಿ ಹಡಗು ಹತ್ತಿ ಬಂದವರಲ್ಲ. ಪೂರ್ವ ಆಫ್ರಿಕಾದ ಕರಾವಳಿಯಿಂದ ಪೋರ್ತುಗೀಜರು ಹಿಡಿದು ತಂದು, ಗೋವೆಯ ಪೇಟೆಯಲ್ಲಿ ದನಗಳನ್ನು ಮಾರುವಂತೆ ಮಾರಿದ ಗುಲಾಮರಲ್ಲಿ ಕೆಲವರು ಓಡಿಹೋಗಿ, ಕೆಲವರು ಬಿಡುಗಡೆ ಹೊಂದಿ, ಘಟ್ಟದ ಕಾಡನ್ನು ಸೇರಿದರು. ಒಡೆಯನ ನಾಯಿಗಳು ಬರಲಾರದಷ್ಟು ದೂರ ಹೋದ ಮೇಲೆ ಅಲ್ಲಿ ನೆಲೆ ನಿಂತರು. ಅವರ ಮೂಲದ ಭಾಷೆಗಳು ಬಹುಮಟ್ಟಿಗೆ ಅಳಿದುಹೋದವು. ಈಗ ಅವರಾಡುವುದು ಕೊಂಕಣಿ, ಕನ್ನಡ, ಉರ್ದು. ಮತದಿಂದ ಅವರಲ್ಲಿ ಹಿಂದುಗಳೂ ಮುಸಲ್ಮಾನರೂ ಕ್ರೈಸ್ತರೂ ಇದ್ದಾರೆ. ಭಾಷೆ ಹೋಯಿತು, ಹೆಸರುಗಳು ಹೋದವು, ಊರು ಕೇರಿ ಕುಲಗಳ ನೆನಪು ಹೋಯಿತು. ಆದರೆ ಕೈಗಳಲ್ಲಿ ಉಳಿದಿದ್ದ ತಾಳವನ್ನು ಯಾವ ಒಡೆಯನೂ ಕಿತ್ತುಕೊಳ್ಳಲಾರದೆ ಹೋದನು. ಡಮಾಮಿಯೆಂಬ ಚರ್ಮವಾದ್ಯವನ್ನು ನಡುವೆ ಇಟ್ಟು, ಗಂಡಸರು ಬಾರಿಸುತ್ತಿರಲು ಹೆಂಗಸರು ಸುತ್ತಲೂ ಹಾಡಿ ಕುಣಿಯುವ ಪದ್ಧತಿ ಇಂದಿಗೂ ನಡೆದುಬಂದಿದೆ. ಹೆಂಗಸರದೇ ಆದ ಪುಗಡಿಯ ಕುಣಿತವೂ ಉಂಟು. ಡಮಾಮಿಯ ಮುಂದೆ ಮೂರು ಮತದವರೂ ಕೂಡುತ್ತಾರೆ.

ಸರ್ಕಾರವು ಉತ್ತರ ಕನ್ನಡದ ಸಿದ್ದಿಯರನ್ನು ಪರಿಶಿಷ್ಟ ಪಂಗಡವೆಂದು ಒಪ್ಪಿಕೊಂಡುದು ೨೦೦೩ರಲ್ಲಿ. ಧಾರವಾಡ, ಬೆಳಗಾವಿ ಜಿಲ್ಲೆಗಳ ಸಿದ್ದಿಯರಿಗೆ ಆ ಹಕ್ಕು ದೊರೆತುದು ೨೦೨೦ರಲ್ಲಿ. ಅದೇ ೨೦೨೦ರಲ್ಲಿ ಶ್ರೀ ಶಾಂತಾರಾಮ ಸಿದ್ದಿಯವರು ನಮ್ಮ ವಿಧಾನ ಪರಿಷತ್ತಿಗೆ ನಾಮಕರಣ ಹೊಂದಿದರು. ನಾಲ್ಕು ನೂರು ವರುಷ ಈ ಮಣ್ಣಿನ ಉಪ್ಪನ್ನು ಉಂಡವರನ್ನು ನಾವು ಇನ್ನೂ ‘ಆಫ್ರಿಕಾದ ಕಾಡುಜನ’ ಎಂದು ಸಾರುತ್ತಿದ್ದೇವೆ. ಹಾಗೆ ನೋಡಿದರೆ ಮೆಣಸಿನಕಾಯಿ ಕೂಡ ಪೋರ್ತುಗೀಜರ ಹಡಗಿನಲ್ಲಿಯೇ ಬಂದುದು. ಅದಿಲ್ಲದೆ ರಾಯಚೂರಿನಲ್ಲಿ ಒಂದು ಹೊತ್ತಿನ ಊಟವಾದರೂ ಇಳಿಯುತ್ತದೆಯೆ? ಅದನ್ನು ಯಾರೂ ಪರದೇಶದ್ದೆಂದು ಕರೆಯುವುದಿಲ್ಲ.

ಇನ್ನು ಆ ಸಿನೆಮಾ ಹಾಡಿನ ವಿಷಯ. ಶ್ರೀ ಚರಣ್ ರಾಜ್ ಎಂಬ ಸಂಗೀತ ನಿರ್ದೇಶಕರು ಸಿದ್ದಿಯರ ಹಾಡನ್ನು ಈಗಿನ ಕಾಲದ ಪಾಪ್ ಸಂಗೀತದ ವಾದ್ಯಗಳೊಡನೆ ಕೂಡಿಸಿದರು. ಗಿರಿಜಾ ಸಿದ್ದಿ, ಗೀತಾ ಸಿದ್ದಿ ಮುಂತಾದ ಆ ಜನಾಂಗದ ಕಲಾವಿದರೇ ಹಾಡಿದರು. ಅವರ ಹೆಸರುಗಳನ್ನು ಹಾಡಿನ ಜೊತೆಗೆ ಪ್ರಕಟಿಸಲಾಯಿತು. ಶ್ರೀಮತಿ ಗಿರಿಜಾ ಸಿದ್ದಿಯವರು ರಂಗಭೂಮಿಯ ನಟಿ; ಹಿಂದುಸ್ಥಾನಿ ಸಂಗೀತವನ್ನೂ ಹಾಡತಕ್ಕವರು. ಕಾಡಿನ ಅಂಚಿನ ಜನಾಂಗದಿಂದ ಬಂದ ಒಬ್ಬ ಹೆಣ್ಣುಮಗಳು ಖ್ಯಾಲನ್ನೂ ಹಾಡಿ, ಡಮಾಮಿಯ ಹಾಡನ್ನೂ ಹಾಡಿ, ಸಿನೆಮಾಕ್ಕೂ ಹಾಡಿದಳೆಂದರೆ, ನಮ್ಮ ಹೆಣ್ಣುಮಕ್ಕಳ ಮುಂದೆ ಇಡತಕ್ಕ ದೃಷ್ಟಾಂತವು ಇದಕ್ಕಿಂತ ಬೇರೆ ಯಾವುದು ಬೇಕು? ಹಾಡಿದವರ ಹೆಸರು ಮೊಬೈಲಿನ ಪರದೆಯ ಮೇಲೆಯೇ ಇತ್ತು. ನಮ್ಮ ನಿರೂಪಕಿಗೆ ಅದನ್ನು ಓದಿ ಹೇಳಲು ಒಂದು ನಿಮಿಷವೂ ಹಿಡಿಯುತ್ತಿರಲಿಲ್ಲ.

ಈ ಬಗೆಯ ಹಾಡುಗಳನ್ನು ಕುರಿತು ಎರಡು ವಿಧವಾದ ಆಕ್ಷೇಪಣೆಗಳನ್ನು ನಾವು ಕೇಳಿದ್ದೇವೆ. ಮೊದಲನೆಯದು ಕೆಲವು ತಂದೆತಾಯಂದಿರದು: ಇದು ಬರಿಯ ಗದ್ದಲ, ಮಕ್ಕಳು ಕೆಡುತ್ತಾರೆ ಎಂಬುದು. ಇದಕ್ಕೆ ಹೆಚ್ಚು ಉತ್ತರ ಬೇಕಾಗಿಲ್ಲ. ನಮ್ಮ ಅಜ್ಜಂದಿರು ನಾಟಕದ ಹಾಡುಗಳ ವಿಷಯದಲ್ಲಿಯೂ, ನಮ್ಮ ತಂದೆಗಳು ರೇಡಿಯೋ ಸಿಲೋನಿನ ವಿಷಯದಲ್ಲಿಯೂ ಇದೇ ಮಾತನ್ನು ಆಡಿದ್ದರು. ನಾವೆಷ್ಟು ಕೆಟ್ಟೆವೋ ಇವರೂ ಅಷ್ಟೇ ಕೆಟ್ಟಾರು.

ಎರಡನೆಯದು ವಿದ್ಯಾವಂತರ ಆಕ್ಷೇಪಣೆ, ಇದು ಯೋಚಿಸತಕ್ಕದ್ದು. ಸಿದ್ದಿಯರ ಹಾಡು ಅಡವಿಯಲ್ಲಿ ಶುದ್ಧವಾಗಿ ಇದ್ದಿತು, ಅದಕ್ಕೆ ಪಟ್ಟಣದ ಯಂತ್ರವಾದ್ಯಗಳನ್ನು ಕೂಡಿಸಿ ಕಲಬೆರಕೆ ಮಾಡಿದರು, ಹೀಗೆ ಮಾಡುತ್ತ ಹೋದರೆ ಅಸಲು ಅಳಿದುಹೋಗುವುದು ಎಂದು ಅವರು ಹೇಳುತ್ತಾರೆ. ಈ ಮಾತಿನಲ್ಲಿ ಸತ್ಯದ ಅಂಶವಿಲ್ಲವೆಂದು ನಾವು ಹೇಳಲಾರೆವು. ಹಾಡಿ ಕುಣಿಯುವವರ ಉಸಿರಿಗೆ ತಕ್ಕಂತೆ ಏರಿ ಇಳಿದು, ಸಾಕೆನಿಸುವವರೆಗೆ ನಡೆಯತಕ್ಕ ಹಾಡನ್ನು ನಾಲ್ಕು ನಿಮಿಷಗಳ ಅಳತೆಗೆ ಕತ್ತರಿಸಿದಾಗ ಏನೋ ಒಂದು ಕಳೆದುಹೋಗುವುದು ನಿಶ್ಚಯ. ಯಂತ್ರದ ತಾಳವು ದಣಿಯುವುದಿಲ್ಲ. ದಣಿಯದ ತಾಳಕ್ಕೆ ಕುಣಿಯುವುದರಲ್ಲಿ ಒಂದು ಬಗೆಯ ನೀರಸತೆಯೂ ಉಂಟು. ಇದನ್ನೆಲ್ಲ ಒಪ್ಪಿದರೂ, ‘ಶುದ್ಧ’ವೆಂಬ ಪದವನ್ನು ಕೇಳಿದಾಗ ನಮಗೆ ಹಾರ್ಮೋನಿಯಮ್ಮಿನ ನೆನಪಾಗುತ್ತದೆ.

ನಾವೆಲ್ಲರೂ ಯಾವ ಪೆಟ್ಟಿಗೆಯ ಮುಂದೆ ನಿಂತು ಸ್ವರಗಳನ್ನು ಕಲಿತೆವೋ ಆ ಪೆಟ್ಟಿಗೆಯು ಹತ್ತೊಂಬತ್ತನೆಯ ಶತಮಾನದಲ್ಲಿ ಪ್ಯಾರಿಸ್ ಪಟ್ಟಣದಲ್ಲಿ ಹುಟ್ಟಿದುದು. ಪಾದ್ರಿಗಳು ಹೊತ್ತು ತಂದರು. ಕಲ್ಕತ್ತೆಯ ಕುಶಲಿಗಳು ಅದರ ಕಾಲುಗಳನ್ನು ತೆಗೆದು, ಕೈಯಿಂದ ಗಾಳಿ ಹಾಕುವಂತೆ ಮಾಡಿ, ನೆಲದ ಮೇಲೆ ಕುಳಿತು ನುಡಿಸುವ ನಮ್ಮ ಪದ್ಧತಿಗೆ ಒಗ್ಗಿಸಿದರು. ಅದು ಭಜನೆಗೆ ಹೋಯಿತು, ಕಂಪೆನಿ ನಾಟಕಕ್ಕೆ ಹೋಯಿತು, ಕವ್ವಾಲಿಗೆ ಹೋಯಿತು, ನಮ್ಮ ಆರಾಧನೆಯ ಕೀರ್ತನೆಗಳಿಗೂ ಬಂದಿತು. ಆಗ ಶುದ್ಧಿಯ ಪಕ್ಷದವರು, ಇದು ಪರದೇಶದ್ದು, ಇದರಲ್ಲಿ ಶ್ರುತಿಗಳಿಲ್ಲ, ಗಮಕಗಳಿಲ್ಲ ಎಂದು ಗದ್ದಲವೆಬ್ಬಿಸಿದರು. ೧೯೪೦ರಲ್ಲಿ ಆಕಾಶವಾಣಿಯು ಹಾರ್ಮೋನಿಯಮ್ಮನ್ನು ಬಹಿಷ್ಕರಿಸಿತು. ಆ ನಿಷೇಧವು ೧೯೭೧ರವರೆಗೆ ನಡೆಯಿತು. ಮೂವತ್ತು ವರುಷಗಳ ಕಾಲ ಆಕಾಶದಲ್ಲಿ ಹಾರ್ಮೋನಿಯಮ್ಮು ಇರಲಿಲ್ಲ. ನೆಲದ ಮೇಲೆ ಒಂದು ದಿನವೂ ನಿಲ್ಲಲಿಲ್ಲ. ಇಂದು ಅದನ್ನು ಪರದೇಶದ್ದೆನ್ನುವ ಮುದುಕರೂ ಉಳಿದಿಲ್ಲ.

ಇನ್ನೂ ಹತ್ತಿರದ ದೃಷ್ಟಾಂತ ಬೇಕೆಂದರೆ ಮಾನ್ವಿಗೂ ದೇವದುರ್ಗಕ್ಕೂ ಹೋಗಿಬರೋಣ. ನಮ್ಮ ಶಾಲೆಯಲ್ಲಿ ಎಲ್ಲ ಮತದ ಮಕ್ಕಳೂ ಓದಿದವರಾದುದರಿಂದ ಈ ಕಥೆ ಅನೇಕರಿಗೆ ಪರಿಚಿತವೇ. ಮಾನ್ವಿ ತಾಲೂಕಿನ ಚೀಕಲಪರವಿಯ ವಿಜಯದಾಸರು ಕನ್ನಡದಲ್ಲಿ ಹಾಡು ಕಟ್ಟುತ್ತಿದ್ದಾಗ, ಅದೇ ಸೀಮೆಯ ಬ್ಯಾಗವಾಟದ ಸಂಸ್ಕೃತ ಪಂಡಿತರೊಬ್ಬರು, ಗೆಜ್ಜೆ ಕಟ್ಟಿ ಮನೆಮಾತಿನಲ್ಲಿ ಹಾಡುವುದು ಪಾಂಡಿತ್ಯಕ್ಕೆ ಕುಂದೆಂದು ಅವರನ್ನು ತಿರಸ್ಕರಿಸಿದರಂತೆ. ಊಟಕ್ಕೆ ಕರೆದರೆ ಹೊಟ್ಟೆನೋವೆಂದು ನೆಪ ಹೇಳಿದರಂತೆ. ನೆಪವೇ ನಿಜವಾಗಿ, ನೋವಿನಿಂದ ಬಳಲಿ, ಕಡೆಗೆ ದೇವದುರ್ಗ ಸೀಮೆಯ ಮೊಸರಕಲ್ಲಿನ ಗೋಪಾಲದಾಸರ ಅನುಗ್ರಹದಿಂದ ಗುಣಹೊಂದಿ, ತಾವೂ ಕನ್ನಡದಲ್ಲಿಯೇ ಹಾಡತೊಡಗಿದರೆಂದು ಪ್ರತೀತಿ. ಅವರೇ ಮಾನ್ವಿಯ ಜಗನ್ನಾಥದಾಸರು. ಆ ಹೊಟ್ಟೆನೋವು ನಿಜವೋ ಕಥೆಯೋ ನಾವು ವಾದಿಸುವುದಿಲ್ಲ. ಶುದ್ಧವಾದುದು ಯಾವುದು, ಕೀಳಾದುದು ಯಾವುದು ಎಂಬ ಜಗಳ ನಮ್ಮ ಊರಿಗೆ ಹೊಸದಲ್ಲವೆಂದು ಮಾತ್ರ ಹೇಳುತ್ತೇವೆ. ಆ ಜಗಳದಲ್ಲಿ ಗೆದ್ದವರು ಯಾರೆಂಬುದನ್ನು ಮಾನ್ವಿಯ ಯಾವ ಮನೆಯಲ್ಲಿ ಕೇಳಿದರೂ ಹೇಳುತ್ತಾರೆ.

ಆಫ್ರಿಕಾದ ತಾಳವೂ ನಮ್ಮ ನೆಲಕ್ಕೆ ಹೊಸದೆಂದು ತಿಳಿಯಬಾರದು. ರಾಯಚೂರು ವಿಜಾಪುರದ ಆದಿಲಶಾಹಿಗೆ ಸೇರಿದ್ದ ಕಾಲದಲ್ಲಿ ಆ ದರಬಾರಿನ ಪ್ರಬಲ ಮಂತ್ರಿಗಳಲ್ಲಿ ಹಬಶಿಗಳು, ಎಂದರೆ ಅಬಿಸೀನಿಯಾ ಮೂಲದವರು, ಇದ್ದರು. ಇಖ್ಲಾಸ್ ಖಾನನ ಚಿತ್ರಪಟಗಳು ಇಂದಿಗೂ ಪರದೇಶದ ವಸ್ತುಸಂಗ್ರಹಾಲಯಗಳಲ್ಲಿವೆ. ಹದಿನೇಳನೆಯ ಶತಮಾನದ ಕಡೆಯ ಭಾಗದಲ್ಲಿ ವಿಜಾಪುರದ ರಾಜ್ಯಭಾರವನ್ನೇ ನಡೆಯಿಸಿದ ಸಿದ್ದಿ ಮಸೂದನು, ೧೬೮೩ರಲ್ಲಿ ಅಧಿಕಾರವನ್ನು ಬಿಟ್ಟು ತನ್ನ ಆದವಾನಿಗೆ ಹೋಗಿ ನಿಂತನು. ನಮ್ಮಲ್ಲಿ ಗುಂತಕಲ್ಲಿನ ಗಾಡಿ ಹತ್ತಿದವರೆಲ್ಲರೂ ಆದವಾನಿಯನ್ನು ದಾಟಿಯೇ ಹೋಗುತ್ತಾರೆ. ಅಲ್ಲಿಯ ದೊಡ್ಡ ಜಾಮಿಯಾ ಮಸೀದಿಯನ್ನು ಕಟ್ಟಿಸಿದವನು ಅವನೇ. ಗಾಡಿಯ ಕಿಟಕಿಯಿಂದ ಆ ಊರನ್ನು ನೋಡುತ್ತ ನಾವು ಎಷ್ಟು ಸಲ ಶೇಂಗಾ ತಿಂದಿದ್ದೇವೋ! ಗುಂಗುರು ಕೂದಲಿನ ಒಬ್ಬ ಕಪ್ಪು ಮನುಷ್ಯನ ಅಪ್ಪಣೆಗೆ ನಮ್ಮ ಪೂರ್ವಜರು ಕೈಕಟ್ಟಿ ನಿಂತಿದ್ದರೆಂಬುದನ್ನು ನಮಗೆ ಯಾವ ಪಾಠದಲ್ಲಿಯೂ ಕಲಿಸಲಿಲ್ಲ.

ಮುಂದೆ ನಿಜಾಮರ ಕಾಲವಾಯಿತು. ೧೯೫೬ರವರೆಗೂ ರಾಯಚೂರು ಹೈದರಾಬಾದಿಗೆ ಸೇರಿದ್ದುದು ಹಿರಿಯರಿಗೆ ನೆನಪಿದೆ. ನಿಜಾಮರ ಹತ್ತಿರ ಆಫ್ರಿಕಾ ಮೂಲದ ಕುದುರೆ ಸವಾರರ ಒಂದು ಪಡೆಯಿತ್ತು. ೧೯೪೮ರ ತರುವಾಯ ಆ ಪಡೆ ಮುರಿದುಹೋಯಿತು. ಅವರ ವಸತಿಯಿದ್ದ ಬಡಾವಣೆಗೆ ಮಾತ್ರ ಹೈದರಾಬಾದಿನಲ್ಲಿ ಇಂದಿಗೂ ಎ. ಸಿ. ಗಾರ್ಡ್ಸ್ ಎಂಬ ಹೆಸರೇ ಇದೆ. ಹಾಗೆ ಕರೆಯುವವರಲ್ಲಿ ಎಷ್ಟೋ ಮಂದಿಗೆ ಆ ‘ಎ’ ಎಂದರೆ ಆಫ್ರಿಕನ್ ಎಂಬುದು ತಿಳಿಯದು. ನಿಜಾಮರ ಸೈನ್ಯದಲ್ಲಿದ್ದ ಈ ಸಿದ್ದಿಯರೂ ಯೆಮೆನ್ ದೇಶದ ಅರಬರೂ ಬಾರಿಸುತ್ತಿದ್ದ ವಾದ್ಯಮೇಳವೇ ಮರ್ಫಾ. ನಾವು ಚಿಕ್ಕವರಿದ್ದಾಗ ಒಂದು ಮದುವೆಗೆ ಹೈದರಾಬಾದಿನಿಂದ ಮರ್ಫಾದವರನ್ನು ಕರೆಸಿದ್ದರು. ತೀನ್ ಕಂದೀಲಿನ ಹತ್ತಿರ ಮೆರವಣಿಗೆ ನಿಂತಾಗ, ಬೀದಿಯಲ್ಲಿ ತರಕಾರಿ ಮಾರುವವರು ತಕ್ಕಡಿಯನ್ನು ಕೆಳಗಿಟ್ಟು ಕುಣಿದರು. ಬುರುಕಿಯೊಳಗಿನ ಕಾಲುಗಳೂ ತಾಳ ಹಾಕುತ್ತಿದ್ದುದನ್ನು ನಾವು ಕಂಡೆವು. ಯಾರೂ ಮಸಿ ಹಚ್ಚಿಕೊಂಡಿರಲಿಲ್ಲ.

ಆದಕಾರಣ ಕೂಡಿಸುವುದರಲ್ಲಿ ದೋಷವಿಲ್ಲವೆಂಬುದು ನಮ್ಮ ದೃಢವಾದ ಅಭಿಪ್ರಾಯ. ಗುಲಾಮಳಾಗಿ ಬಂದ ಅಜ್ಜಿಯ ತಾಳವನ್ನು ಮೊಮ್ಮಗಳು ಇಂದಿನ ವಾದ್ಯದೊಡನೆ ಹಾಡಬೇಕೆಂದರೆ, ಬೇಡವೆನ್ನಲು ನಾವಾರು? ಅಡವಿಯ ಜನ ಅಡವಿಯಂತೆಯೇ ಇರಬೇಕು, ನಾವು ಮಾತ್ರ ರೈಲಿನಲ್ಲಿ ಹೋಗಿ ನೋಡಿ ಬರಬೇಕು ಎಂಬ ಆಸೆಯೇ ಆ ಶುದ್ಧಿಯ ವಾದದ ಬುಡದಲ್ಲಿ ಇರುವುದೆಂದು ನಮಗೆ ಸಂಶಯ. ಹೆಗ್ಗೋಡಿನ ನೀನಾಸಂ ಸಂಸ್ಥೆಯವರು ಇದಕ್ಕೆ ಬೇರೆಯಾದ ದಾರಿಯನ್ನು ೧೯೮೦ರ ದಶಕದಲ್ಲಿಯೇ ತೋರಿಸಿಕೊಟ್ಟರು. ನೈಜೀರಿಯಾದ ಚಿನುಅ ಅಚಿಬೆಯವರು ೧೯೫೮ರಲ್ಲಿ ಪ್ರಕಟಿಸಿದ ಪ್ರಸಿದ್ಧ ಕಾದಂಬರಿಯನ್ನು ‘ಕಪ್ಪು ಜನ ಕೆಂಪು ನೆರಳು’ ಎಂಬ ಕನ್ನಡ ನಾಟಕವಾಗಿ ಮಾರ್ಪಡಿಸಿ, ಮಂಚಿಕೇರಿಯ ಸಿದ್ದಿಯರಿಂದಲೇ ಆಡಿಸಿದರು. ಆಫ್ರಿಕಾದ ಕಥೆ, ಕನ್ನಡದ ಮಾತು, ಆಡಿದವರು ಸಿದ್ದಿಯರು. ಅಲ್ಲಿಂದ ಮುಂದಕ್ಕೆ ಆ ಜನಾಂಗದಿಂದ ನಟರೂ ಗಾಯಕರೂ ಒಬ್ಬರಾದ ಮೇಲೊಬ್ಬರು ಹೊರಬಂದರು. ಅವರನ್ನು ಹೊರತಂದುದು ಕನಿಕರವಲ್ಲ, ಕೆಲಸ.

ಹಾಗಾದರೆ ದೋಷವೆಲ್ಲಿ? ಹೆಸರನ್ನು ಅಳಿಸುವುದರಲ್ಲಿ, ಕೂಲಿಯನ್ನು ನುಂಗುವುದರಲ್ಲಿ. ಇದಕ್ಕೆ ನಾವು ದೂರದ ಒಂದು ಕಥೆಯನ್ನು ಹೇಳಬೇಕಾಗಿದೆ. ದಕ್ಷಿಣ ಆಫ್ರಿಕಾದಲ್ಲಿ ಸಾಲೊಮನ್ ಲಿಂಡಾ ಎಂಬ ಜೂಲು ಜನಾಂಗದ ಗಾಯಕನಿದ್ದನು. ೧೯೩೯ರಲ್ಲಿ ಜೋಹಾನ್ಸ್‌ಬರ್ಗ್ ಪಟ್ಟಣದಲ್ಲಿ ತನ್ನ ಸಂಗಡಿಗರೊಂದಿಗೆ ಸಿಂಹವನ್ನು ಕುರಿತ ಒಂದು ಹಾಡನ್ನು ಮುದ್ರಿಸಿದನು. ಅದರ ಹಕ್ಕನ್ನು ಆತನಿಂದ ಕೊಂಡ ಬೆಲೆ ಹತ್ತು ಶಿಲಿಂಗು. ಆ ಹಾಡು ಅಮೆರಿಕಕ್ಕೆ ಹೋಯಿತು. ಮಾತು ಬದಲಾಯಿತು, ಹೆಸರು ಬದಲಾಯಿತು. ೧೯೬೧ರಲ್ಲಿ ಲೋಕವೆಲ್ಲ ಅದನ್ನು ಗುನುಗುನಿಸಿತು. ೧೯೬೨ರಲ್ಲಿ ಲಿಂಡಾ ಬಡವನಾಗಿಯೇ ತೀರಿಕೊಂಡನು. ೧೯೯೪ರ ‘ಲಯನ್ ಕಿಂಗ್’ ಎಂಬ ಚಿತ್ರದಲ್ಲಿ ನಮ್ಮ ಮಕ್ಕಳೂ ಆ ರಾಗವನ್ನು ಕೇಳಿದ್ದಾರೆ. ಆತನ ಹೆಣ್ಣುಮಕ್ಕಳು ಮಾತ್ರ ತಂದೆಯ ಹಾಡಿನ ಪಾಲಿಗಾಗಿ ನ್ಯಾಯಾಲಯದ ಮೆಟ್ಟಿಲನ್ನು ಹತ್ತಿ, ೨೦೦೬ರಲ್ಲಿ ಒಪ್ಪಂದವಾಗುವವರೆಗೆ ಕಾಯಬೇಕಾಯಿತು. ಹಾಡು ಹಾಡಿದ ದಿವಸದಿಂದ ಎಣಿಸಿದರೆ ಅರುವತ್ತೇಳು ವರುಷ.

ಇನ್ನೊಬ್ಬಳ ಕಥೆಯನ್ನೂ ಇದರ ಪಕ್ಕದಲ್ಲಿಟ್ಟು ನೋಡಬೇಕು. ಆಂಜೆಲೀಕ್ ಕಿಜೊ ಎಂಬಾಕೆ ೧೯೬೦ರಲ್ಲಿ ಪಶ್ಚಿಮ ಆಫ್ರಿಕಾದ ವೀದಾ ಎಂಬ ಊರಿನಲ್ಲಿ ಹುಟ್ಟಿದವಳು. ಅದು ಒಂದು ಕಾಲಕ್ಕೆ ಗುಲಾಮರನ್ನು ಹಡಗಿಗೆ ಏರಿಸುತ್ತಿದ್ದ ಬಂದರು. ತನ್ನ ದೇಶದ ಅಂದಿನ ಸರ್ಕಾರದ ಕಾಟವನ್ನು ತಾಳಲಾರದೆ ೧೯೮೩ರಲ್ಲಿ ಪ್ಯಾರಿಸಿಗೆ ವಲಸೆ ಹೋದಳು. ಅಲ್ಲಿ ತಾಯ್ನೆಲದ ಹಾಡನ್ನೂ ಇಂದಿನ ಪಾಪ್ ಸಂಗೀತವನ್ನೂ ಕೂಡಿಸಿ ಹಾಡಿ ಲೋಕಪ್ರಸಿದ್ಧಳಾದಳು. ೨೦೧೪ರಲ್ಲಿ ಆಕೆ ಹೊರತಂದ ‘ಈವ್’ ಎಂಬ ಧ್ವನಿಮುದ್ರಿಕೆಯಲ್ಲಿ ಬೆನಿನ್, ಕೆನ್ಯಾ ದೇಶಗಳ ಹೆಂಗಸರ ಮೇಳಗಳನ್ನು ತನ್ನೊಡನೆ ಹಾಡಿಸಿದಳು. ಅದಕ್ಕೆ ಮರುವರುಷ ಗ್ರ್ಯಾಮಿ ಪ್ರಶಸ್ತಿ ಬಂದಿತು. ೨೦೦೬ರಲ್ಲಿ ಆಕೆ ಸ್ಥಾಪಿಸಿದ ಬಟೋಂಗಾ ಎಂಬ ಸಂಸ್ಥೆಯು ಆಫ್ರಿಕಾದ ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕೆ ಮುಡಿಪಾದುದು. ಎಂದರೆ, ನಮ್ಮ ಶಾಲೆಯಂತಹ ಶಾಲೆಗೆ ಹೋಗಬೇಕಾದ ವಯಸ್ಸಿನವರಿಗಾಗಿ. ಲಿಂಡಾನ ಹಾಡೂ ಕೂಡಿಕೆಯ ಹಾಡಾಯಿತು, ಈಕೆಯ ಹಾಡೂ ಕೂಡಿಕೆಯದೇ. ಒಂದರಲ್ಲಿ ಹಾಡಿದವನ ಹೆಸರು ಹೋಯಿತು. ಇನ್ನೊಂದರಲ್ಲಿ ಹಾಡಿದವಳೇ ಯಜಮಾನಿ.

ಈಗ ನಮ್ಮ ಶಾಲೆಗಳ ವೇದಿಕೆಗೆ ಹಿಂದಿರುಗುತ್ತೇವೆ. ತಂದೆತಾಯಂದಿರಿಗೂ, ಇಂದು ತಾವೇ ಉಪಾಧ್ಯಾಯಿನಿಯರಾಗಿರುವ ಹಳೆಯ ವಿದ್ಯಾರ್ಥಿನಿಯರಿಗೂ ನಮ್ಮ ವಿಜ್ಞಾಪನೆ ದೊಡ್ಡದೇನಲ್ಲ. ಮಕ್ಕಳು ಸಿದ್ದಿಯರ ಹಾಡಿಗೆ ಕುಣಿಯಲಿ, ಬೇಡವೆನ್ನಬೇಡಿರಿ. ಆದರೆ ಮಸಿ ಬೇಡ, ಗೋಣಿಯ ನಾರು ಬೇಡ. ಕೋಲಾಟಕ್ಕೆ ಉಡಿಸುವಂತೆ ಒಳ್ಳೆಯ ಸೀರೆಯನ್ನು ಉಡಿಸಿರಿ. ಸಿದ್ದಿ ಹೆಂಗಸರೂ ಸೀರೆಯನ್ನೇ ಉಟ್ಟು ಕುಣಿಯುತ್ತಾರೆ. ನಿರೂಪಕಿಯ ಕೈಯಲ್ಲಿ ಒಂದು ಚೀಟಿ ಕೊಟ್ಟು, ಇದು ನಮ್ಮ ಕರ್ನಾಟಕದ ಸಿದ್ದಿಯರ ಹಾಡು, ಇಂಥಿಂಥವರು ಹಾಡಿದ್ದು ಎಂದು ಹೇಳಿಸಿರಿ. ಕೈಯಲ್ಲಿ ಹಣವಿದ್ದ ವರುಷ, ಮೂರು ದಿವಸ ಮೊದಲೇ ಪತ್ರ ಬರೆದು ಪುಕ್ಕಟೆ ಬಾ ಎನ್ನದೆ, ಮೊದಲೇ ಮಾತನಾಡಿ, ಹೋಗಿಬರುವ ಖರ್ಚು, ವಸತಿ, ಗೌರವಧನ ಇವುಗಳನ್ನು ಗೊತ್ತುಪಡಿಸಿ, ಯಲ್ಲಾಪುರದ ಕಡೆಯಿಂದ ಒಂದು ಮೇಳವನ್ನು ಕರೆಸಿರಿ. ರಾಯಚೂರಿನ ಪಂಡಿತ ಸಿದ್ದರಾಮ ಜಂಬಲದಿನ್ನಿ ರಂಗಮಂದಿರದಲ್ಲಿ ವಚನಗಳು ಕೇಳಿಸುತ್ತವೆ, ಖ್ಯಾಲು ಕೇಳಿಸುತ್ತದೆ; ಡಮಾಮಿಯೂ ಒಂದು ಸಂಜೆ ಕೇಳಿಸಲಿ. ಮಿರಮಿರನೆ ಮಿಂಚುವ ಪ್ಲ್ಯಾಸ್ಟಿಕ್ಕಿನ ಹಾರಗಳಿಗೂ ನೆನಪಿನ ಕಾಣಿಕೆಗಳಿಗೂ ಖರ್ಚುಮಾಡುವ ಹಣವನ್ನು ಎರಡು ವರುಷ ಉಳಿಸಿದರೆ ಇದು ಆಗದ ಕೆಲಸವಲ್ಲ.

ಇಷ್ಟಕ್ಕೆ ಕೆಲವರು, ಮಕ್ಕಳ ಆಟಕ್ಕೆ ಇಷ್ಟೊಂದು ವಿಚಾರವೇತಕ್ಕೆ, ಮಸಿ ತೊಳೆದರೆ ಹೋಗುತ್ತದಲ್ಲ ಎಂದು ಹೇಳುವರು. ಹನ್ನೊಂದು ಮಕ್ಕಳ ಮುಖದಿಂದ ಅದು ಅಂದೇ ಸೀಗೆಪುಡಿಯಿಂದ ಹೋಯಿತು. ಹಚ್ಚದೆ ಇದ್ದ ಹನ್ನೆರಡನೆಯ ಮುಖದ ಮಾತನ್ನು ನಾವು ಆಡುತ್ತಿದ್ದೇವೆ. ಬಿಸಿಲಿನ ಸೀಮೆಯ ನಾವು ಮಗು ಹುಟ್ಟಿದೊಡನೆ ಮೊದಲು ಕೇಳುವುದು ಬಣ್ಣವನ್ನು. ಹೆಣ್ಣು ನೋಡಲು ಹೋದಾಗ ನೋಡುವುದೂ ಅದನ್ನೇ. “ಕರ್ರಗಿದ್ರೂ ಲಕ್ಷಣ ಅದಾಳ” ಎಂಬ ಮಾತಿನ ‘ಊ’ಕಾರದಲ್ಲಿ ಎಷ್ಟು ಹುಡುಗಿಯರ ನಿದ್ರೆ ಹೋಗಿದೆಯೆಂಬುದು ಆ ಹುಡುಗಿಯರಾಗಿದ್ದ ನಮಗೆ ಗೊತ್ತು. ಇದನ್ನು ಓದುತ್ತಿರುವ ಸೋದರಿಯರಲ್ಲಿಯೂ ಕೆಲವರಿಗೆ ಗೊತ್ತಿರಬೇಕು.

ಆ ತಾಯಿ ಬಂದು ಹೋದ ಮೇಲೆ ನಾವು ಒಂದು ವಾರ ತಡೆದು, ಆಕೆಯ ಮನೆಗೆ ಹೋದೆವು. ಹುಡುಗಿ ಒಳಗೆ ಇದ್ದಳು. ಹೊರಗೆ ಬರಲು ಬಹಳ ಹೊತ್ತು ಹಿಡಿಯಿತು. ತಲೆಗೆ ಎಣ್ಣೆ ಹಾಕಿ, ಕೂದಲನ್ನು ಎಳೆದೆಳೆದು ಬಿಗಿಯಾಗಿ ಎರಡು ಜಡೆ ಹೆಣೆದಿದ್ದರು; ನೆತ್ತಿಯ ಚರ್ಮ ಕೆಂಪಾಗಿತ್ತು. ನಾವು ನಕ್ಕುದು ತಪ್ಪಾಯಿತೆಂದು ಹೇಳಿದೆವು. ಆಕೆ ಏನೂ ಅನ್ನಲಿಲ್ಲ. ಮೊಬೈಲಿನಲ್ಲಿ ಗಿರಿಜಾ ಸಿದ್ದಿಯವರು ಹಾಡುತ್ತಿರುವ ಚಿತ್ರವನ್ನು ತೋರಿಸಿದೆವು. ಹುಡುಗಿ ಹಾಡನ್ನು ಕೇಳಿದಳೋ ಇಲ್ಲವೋ ತಿಳಿಯದು. ಪರದೆಗೆ ಹತ್ತಿರ ಬಾಗಿ ನೋಡಿದಳು. ಕಡೆಗೆ, “ಇವರು ಕೂದಲಾ ಹಂಗೇ ಬಿಟ್ಟಾರಲ್ರಿ?” ಎಂದು ಕೇಳಿದಳು.

ಹೌದು, ಹಂಗೇ ಬಿಟ್ಟಾರ ಎಂದೆವು. ಇನ್ನೊಂದು ಸಲ ಹಚ್ಚಿರಿ ಎಂದಳು. ಹಚ್ಚಿದೆವು.